ರಶ್ಮಿತಾ ಹಾಕಿದ ಕಣ

ಹೊಂಗಡಹಳ್ಳದ ಚಂದ್ರಯ್ಯನವರ ಕಾಫಿ ಒಣಗಿಸುವ ಸಿಮೆಂಟು ಕಣ ದೂರದಿಂದ ನೋಡಿದರೆ ಅಷ್ಟೇನೂ ಕೆಟ್ಟಂತೆ ಕಾಣುತ್ತಿರಲಿಲ್ಲ. ರಶ್ಮಿತಾ ಮೊಣಕಾಲೂರಿ, ಒಂದು ಮೂಲೆಯಿಂದ ಸುತ್ತಿಗೆಯಲ್ಲಿ ಕುಟ್ಟುತ್ತಾ ಬಂದ ಮೇಲೆ ಅದರ ಬಂಡವಾಳ ಬಯಲಾಯಿತು. ಗಟ್ಟಿಯಿದ್ದ ಕಡೆ ಸುತ್ತಿಗೆ ಠಣ್ಣನೆ ಪುಟಿಯುತ್ತಿತ್ತು. ಒಳಗೆ ಬಿಟ್ಟುಕೊಂಡಿದ್ದ ಕಡೆ ಒಡಕು ಮಡಕೆ ತಟ್ಟಿದಂತೆ ಪೊಳ್ಳು ಸದ್ದು. ಅಂಥ ಜಾಗಕ್ಕೆಲ್ಲ ಅವಳು ಇಟ್ಟಿಗೆ ಚೂರಿನಿಂದ ಗೀಟು ಎಳೆದಳು. ಕಣದ ಆ ತುದಿ ಮುಟ್ಟುವ ಹೊತ್ತಿಗೆ ನೆಲದ ತುಂಬ ಕೆಂಪು ಗೀಟುಗಳೇ ಆಗಿದ್ದವು.

ಚಂದ್ರಯ್ಯ ಕಣದ ಅಂಚಿನ ಕಾಫಿ ಸ್ಟೋರಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಅವರ ಅಪ್ಪನ ಕಾಲದಲ್ಲಿ ಹಾಕಿಸಿದ ಕಣ ಅದು. ಈಗ ಮೇಲಿನ ಪದರ ಹೊಪ್ಪಳೆ ಎದ್ದು, ಕಾಫಿ ಹರವಿ ಎಳೆದಾಗಲೆಲ್ಲ ಜಲ್ಲಿ ಚೂರು ಬೀಜದ ಜೊತೆ ಸೇರುತ್ತಿತ್ತು. ಹಿಂದಿನ ಸಲ ಕಾಫಿ ಕೊಳ್ಳಲು ಬಂದವನು ಅಂಗೈಯಲ್ಲಿ ಬೀಜ ಉಜ್ಜಿ, ಮೂರ್ನಾಲ್ಕು ಕಲ್ಲು ಆರಿಸಿ ಅವರ ಮುಂದೆಯೇ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ. ಆ ಅವಮಾನ ಚಂದ್ರಯ್ಯನವರಿಗೆ ಇನ್ನೂ ಆರಿರಲಿಲ್ಲ.

"ಮೇಲೊಂದು ಪದರ ಎಳೆದ್ಬುಟ್ರೆ ಆಗಲ್ವೇನವ್ವಾ? ಹಣ್ಣು ಕೆಂಪಾಗ್ತಾ ಐತೆ. ಕೊಯ್ಲು ಶುರುವಾದ್ರೆ ಹರವೋಕೆ ಜಾಗ ಬೇಕು ನಂಗೆ."

"ಎಳೀಬೋದು ಸಾವ್ಕಾರ್ರೆ. ಆದ್ರೆ ಕೆಳಗಿನದು ಪೊಳ್ಳಿದ್ರೆ ಮೇಲಿಂದು ನಿಲ್ಲಲ್ಲ, ಹೆಂಚಿನ್ಮೇಲೆ ರೊಟ್ಟಿ ಎದ್ದಂಗೆ ಎದ್ದೋಯ್ತದೆ. ಗೀಟು ಹಾಕಿರೋದನ್ನೆಲ್ಲ ಕಿತ್ತು, ಉಳಿದಿದ್ದನ್ನ ಕೊಚ್ಚಿ ಒರಟು ಮಾಡ್ಬೇಕು. ಆಮೇಲೆ ಹಾಕಣ."

"ನೀನು ಹೆಂಗೆ ಹೇಳ್ತಿಯೋ ಹಂಗೆ. ಕಾಫೀಲಿ ಕಲ್ಲು ಬರಬಾರ್ದು, ಅಷ್ಟೇ ನಾನು ಕೇಳೋದು."

ಕೆಲಸ ಕುದುರಿತು. ರಶ್ಮಿತಾಳ ಹೆಸರಿಗೆ ಬಂದ ಅತಿ ದೊಡ್ಡ ಕೆಲಸ ಅದು.

ಆಲೂರು ತಾಲ್ಲೂಕಿನ ಪಾಳ್ಯದ ಕಡೆಯವಳು ಅವಳು. ಗಂಡ ಪ್ರದೀಪ್ ಆಲೂರು ಪೇಟೆಯಲ್ಲಿ ಗೂಡ್ಸ್ ಆಟೋ ಓಡಿಸುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವಳು ಕುಳ್ಳಯ್ಯ ಮೇಸ್ತ್ರಿಯ ಗುಂಪಿಗೆ ಬಾಂಡ್ಲಿ ಹೊರಲು ಸೇರಿದಳು. ಮೊದಲ ದಿನ ಹಸಿ ಕಾಂಕ್ರೀಟಿನ ಬಾಂಡ್ಲಿ ತಲೆಗೇರಿದಾಗ ಕತ್ತು ಭುಜದೊಳಕ್ಕೆ ಇಳಿದುಹೋದಂತಾಗಿ, ನಾಲ್ಕು ಹೆಜ್ಜೆಗೇ ಕಣ್ಣು ಕತ್ತಲೆ ಬಂದಿತ್ತು. ಆಗ ಹಿಂದಿನಿಂದ ಬಂದು ಬಾಂಡ್ಲಿ ಇಳಿಸಿದವಳು ಮಾರಮ್ಮ. ಗುಂಪಿನಲ್ಲಿ ಎಲ್ಲರಿಗಿಂತ ಹಳಬಳು. ತನ್ನ ತಲೆಯ ಸಿಂಬಿಯನ್ನೇ ಬಿಚ್ಚಿ, ಬಿಗಿಯಾಗಿ ಸುತ್ತಿ ಇವಳ ತಲೆಗಿಟ್ಟು, "ಕತ್ತಲ್ಲಿ ಹೊರಬ್ಯಾಡ ಕಣೇ, ಸೊಂಟದಲ್ಲಿ ಹೊರು" ಎಂದಿದ್ದಳು. ಹಲಗೆಯ ಮೇಲೆ ಹೇಗೆ ನಡೆಯಬೇಕು, ಸಿಮೆಂಟು ಕೈ ತಿಂದರೆ ಏನು ಹಚ್ಚಬೇಕು, ಬಸುರಿಯಾದಾಗ ಯಾವ ತಿಂಗಳಿಗೆ ಕೆಲಸ ಬಿಡಬೇಕು, ಎಲ್ಲವನ್ನೂ ಹೇಳಿಕೊಟ್ಟವಳು ಅವಳೇ. ರಶ್ಮಿತಾ ಅವಳನ್ನು ಮಾರಕ್ಕ ಎನ್ನುತ್ತಿದ್ದಳು.

ಕರಣೆ ಕೈಗೆ ಬಂದದ್ದು ಮಾತ್ರ ಅಚಾನಕ್ಕಾಗಿ. ಒಂದು ದನದ ಕೊಟ್ಟಿಗೆಗೆ ನೆಲ ಹಾಕುವಾಗ ನುಣುಪು ಮಾಡುವ ಆಳು ಬರಲೇ ಇಲ್ಲ. ಕಾಂಕ್ರೀಟು ಬಿಗಿಯುತ್ತಾ ಬಂತು. ಕುಳ್ಳಯ್ಯ ಬೈದಾಡಿ ಬೈದಾಡಿ ಸುಸ್ತಾಗಿ, ಹತ್ತಿರವಿದ್ದ ರಶ್ಮಿತಾಳ ಕೈಗೆ ಕರಣೆ ತುರುಕಿ "ಹಿಡಿ, ಎಳಿ" ಎಂದ. ಅವಳು ಎಳೆದಳು. ಕುಳ್ಳಯ್ಯ ಹಿಂದೆ ಬಂದು ಅಂಗೈಯಲ್ಲಿ ಸವರಿ ನೋಡಿ ಏನೂ ಹೇಳಲಿಲ್ಲ. ಆದರೆ ಮಾರನೆಯ ದಿನದಿಂದ ಅವಳಿಗೆ ಬಾಂಡ್ಲಿ ತಪ್ಪಿತು. ವರ್ಷಗಳು ಕಳೆದು ಕುಳ್ಳಯ್ಯನ ಮಂಡಿ ಕೈಕೊಟ್ಟಾಗ ಗುಂಪು ಅವಳ ಪಾಲಿಗೆ ಬಂತು. ಹೆಂಗಸಿನ ಕೈಕೆಳಗೆ ಕೆಲಸ ಮಾಡೆವೆಂದು ಇಬ್ಬರು ಗಂಡಾಳುಗಳು ಅಂದೇ ಬಿಟ್ಟುಹೋದರು. ಮಿಕ್ಸರ್ ನೋಡಿಕೊಳ್ಳುವ ಧರ್ಮ ಉಳಿದ. ಮಾರಮ್ಮ ಉಳಿದಳು. ಇನ್ನಿಬ್ಬರು ಬಾಂಡ್ಲಿ ಹೆಂಗಸರೂ ಉಳಿದರು.

ಅಂಥ ಗುಂಪು ಕಟ್ಟಿಕೊಂಡು ಅವಳು ಹೊಂಗಡಹಳ್ಳಕ್ಕೆ ಬಂದದ್ದು. ಕಿತ್ತದ್ದು, ಕೊಚ್ಚಿದ್ದು, ಗುಡಿಸಿದ್ದು, ನೀರು ಬಿಟ್ಟು ತಿಕ್ಕಿ ತೊಳೆದದ್ದು, ಇದರಲ್ಲೇ ಮೊದಲ ವಾರ ಹೋಯಿತು. ಆಮೇಲೆ ಕಣವನ್ನು ಹಳೇ ಗೆರೆಗಳ ಜಾಡಿನಲ್ಲೇ ಅಂಕಣಗಳಾಗಿ ಪಾಲು ಮಾಡಿ, ಚೌಕಾಬಾರದ ಮನೆಗಳಂತೆ ಒಂದು ಬಿಟ್ಟು ಒಂದು ತುಂಬಿಸುತ್ತಾ ಬಂದರು. ಹಾಕಿ ಮುಗಿದ ಅಂಕಣಗಳಿಗೆ ಕೆಮ್ಮಣ್ಣಿನ ಪುಟ್ಟ ಬದು ಕಟ್ಟಿ ನೀರು ನಿಲ್ಲಿಸಿದರು. ಹೊಸ ಕಾಂಕ್ರೀಟು ಹಸುಗೂಸಿನ ಹಾಗೆ, ಮೊದಮೊದಲು ಬಾಯಿ ಒಣಗದಂತೆ ನೋಡಿಕೊಳ್ಳಬೇಕು.

ಉಳಿದಿದ್ದ ಅಂಕಣಗಳಲ್ಲಿ ನಟ್ಟನಡುವಿನದಕ್ಕೆ ಕೈ ಹಚ್ಚಿದ ದಿನ ಬೆಳಿಗ್ಗೆಯೇ ಮಂಜು ಹರಿದು ಬಿಸಿಲು ಚುರುಕಾಗಿತ್ತು. ರಶ್ಮಿತಾ ಹಳೆಯ ನೆಲ ಒದ್ದೆ ಮಾಡಿ, ಸಿಮೆಂಟು ಹಾಲು ಕಲಸಿ ಪೊರಕೆಯಲ್ಲಿ ಉಜ್ಜಿ ಬಳಿದಳು. ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಆ ಹಾಲೇ. ಅದು ಒಣಗುವ ಮೊದಲು ಮೇಲೆ ಕಾಂಕ್ರೀಟು ಬೀಳಬೇಕು. ಒಣಗಿಬಿಟ್ಟರೆ ಬೆಸುಗೆಯ ಬದಲು ಅದೇ ಪೊರೆಯಾಗಿ ಕೂತು ಎರಡನ್ನೂ ಬೇರೆ ಮಾಡುತ್ತದೆ.

ಧರ್ಮ ಮಿಕ್ಸರಿಗೆ ಜಲ್ಲಿ ಹಾಕಿಸುತ್ತಿದ್ದವನು ಕೈ ತಡೆದು ಫೋನು ತೆಗೆದ. ಓದಿ ಅವಳ ಹತ್ತಿರ ಬಂದ.

"ಅಕ್ಕಾ, ಅರಣ್ಯ ಇಲಾಖೆ ಮೆಸೇಜು. ಒಂಟಿ ಸಲಗ ಈ ಕಡೆ ದಾಟೈತಂತೆ. ಪಕ್ಕದ ಎಸ್ಟೇಟಲ್ಲಿ ಐತೆ."

ಆನೆಯ ಸುದ್ದಿ ಆ ಸೀಮೆಯವರಿಗೆ ಹೊಸದಲ್ಲ. ಆಲೂರಿನ ಗದ್ದೆಯಲ್ಲೂ ಆನೆ, ಸಕಲೇಶಪುರದ ತೋಟದಲ್ಲೂ ಆನೆ. ಬೆಳಿಗ್ಗೆ ಎದ್ದವರು ಹವಾಮಾನ ನೋಡುವ ಹಾಗೆ ಆನೆ ಎಲ್ಲಿದೆಯೆಂದು ನೋಡುತ್ತಾರೆ. ಹೋದ ವರ್ಷ ತಾನೇ ಇವರ ಜೊತೆ ಕೆಲಸ ಮಾಡಿದ್ದ ಒಬ್ಬಾಕೆ ತೋಟದಾಳುಗಳ ಲೈನ್ ಮನೆಯಿಂದ ತೋಟಕ್ಕೆ ಹೋಗುವ ದಾರಿಯಲ್ಲಿ ಆನೆಗೆ ಸಿಕ್ಕಿ ಸತ್ತಿದ್ದಳು. ರಶ್ಮಿತಾ ಮಣ್ಣಿಗೆ ಹೋಗಿ ಬಂದಿದ್ದಳು. ಧರ್ಮನ ಮಾತು ಕೇಳಿ ಅವಳು ತೋಟದ ರಸ್ತೆಯ ಕಡೆ ಒಮ್ಮೆ ನೋಡಿದಳು. ಆದರೆ ಕಣ್ಣ ಮುಂದೆ ಬಳಿದ ಹಾಲು ಬಿಸಿಲಿಗೆ ಅಂಚಿನಲ್ಲಿ ಆಗಲೇ ಬೆಳ್ಳಗಾಗುತ್ತಿತ್ತು.

ಚಂದ್ರಯ್ಯನವರೂ ಫೋನು ನೋಡಿಕೊಂಡು ಬಂದರು. "ಪಕ್ಕದ ತೋಟದ ಲೆಕ್ಕ ಬರಿಯೋ ರೈಟರ್‌ನ ಕೇಳ್ದೆ. ಅದು ಹಳ್ಳದ ಆ ಕಡೆ ಐತಂತೆ. ಈ ಸದ್ದಿಗೆ ಇತ್ಲಾಗೆ ಬರಾಕಿಲ್ಲ ಅಂತಾನೆ. ನಿಂಗೆ ಹೆಂಗನ್ನಿಸ್ತದೆ ನೋಡವ್ವಾ."

ಎಲ್ಲರೂ ಅವಳ ಮುಖ ನೋಡಿದರು.

"ಇದೊಂದು ಅಂಕಣ ಮುಗಿಸ್ಬುಡಣ. ಆಮೇಲೆ ಇವತ್ತಿಗೆ ಸಾಕು" ಎಂದಳು ರಶ್ಮಿತಾ.

ಧರ್ಮ ಫೋನು ಜೇಬಿಗಿಟ್ಟು ಮಿಕ್ಸರಿನ ಕಡೆ ತಿರುಗಿದ. ಮಾರಮ್ಮ ಅಷ್ಟು ದೂರದಲ್ಲಿ ಮರಳು ಜರಡಿ ಹಿಡಿಯುತ್ತಿದ್ದಳು. ಮಿಕ್ಸರಿನ ಗದ್ದಲದಲ್ಲಿ ಅವಳಿಗೆ ಈ ಮಾತೊಂದೂ ಕೇಳಿರಲಿಲ್ಲ.

ಎರಡು ಸುತ್ತು ಕಾಂಕ್ರೀಟು ಬಿದ್ದಿರಬೇಕು, ಪೈಪಿನಲ್ಲಿ ನೀರು ಸಣ್ಣಗಾಯಿತು. ಕೆಳಗಿನ ಕೆರೆಯ ಪಂಪಿನದು ಯಾವಾಗಲೂ ಅದೇ ರಗಳೆ. ಸಿಲ್ವರ್ ಓಕಿನ ಎಲೆ ಬಂದು ಬಂದು ಪೈಪಿನ ಬಾಯಿಗೆ ಕಟ್ಟಿಕೊಳ್ಳುತ್ತಿತ್ತು. ಒಬ್ಬರು ಪಕ್ಕದಲ್ಲೇ ಕೂತು ಕೈಯಿಂದ ತೆಗೆಯುತ್ತಿದ್ದರೆ ಮಾತ್ರ ನೀರು. ರಶ್ಮಿತಾ ತಲೆ ಎತ್ತದೆ ಕೂಗಿದಳು:

"ಮಾರಕ್ಕಾ, ಒಂಚೂರು ಪಂಪಿನ ತಾವ ಹೋಗಿ ಕೂತ್ಕೊ. ನೀರು ನಿಂತ್ರೆ ಕೆಟ್ಟೆವು."

ಮಾರಮ್ಮ ಜರಡಿ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ನೀರು ಮತ್ತೆ ರಭಸವಾಗಿ ಬಂತು. ಅವಳನ್ನು ಯಾವ ದಾರಿಗೆ ಕಳಿಸಿದೆನೆಂಬುದು ಆಗ ರಶ್ಮಿತಾಳ ತಲೆಯಲ್ಲಿ ಇರಲೇ ಇಲ್ಲ. ಇದ್ದದ್ದು ಹದ ಒಂದೇ.

ಮೊದಲು ಕಂಡದ್ದು ಬಾಂಡ್ಲಿ ಹೊತ್ತ ಹೆಂಗಸಿಗೆ. ಅವಳು ಕೂಗಲಿಲ್ಲ. ಬಾಂಡ್ಲಿಯನ್ನು ಅಲ್ಲೇ ಕೈಬಿಟ್ಟಳು. ರಶ್ಮಿತಾ ಬೈಯಲೆಂದು ತಿರುಗಿದವಳು ಅವಳ ಮುಖ ನೋಡಿ, ಅವಳು ನೋಡುತ್ತಿದ್ದ ಕಡೆ ನೋಡಿದಳು.

ತೋಟದ ರಸ್ತೆಯ ತಿರುವಿನಲ್ಲಿ, ಹಲಸಿನ ಮರದ ಪಕ್ಕ, ಸಲಗ ನಿಂತಿತ್ತು. ಕೆಂಪು ಮಣ್ಣು ಎರಚಿಕೊಂಡು ಬಂದಿದ್ದರಿಂದ ಧರೆಯೇ ಒಂದು ತುಂಡು ಕಳಚಿ ನಿಂತಂತೆ ಕಾಣುತ್ತಿತ್ತು. ಕಿವಿ ಅಲ್ಲಾಡುತ್ತಿರಲಿಲ್ಲ. ಸೊಂಡಿಲು ಮಾತ್ರ ಎತ್ತಿ ಗಾಳಿ ಮೂಸುತ್ತಿತ್ತು.

"ಸ್ಟೋರು, ಸ್ಟೋರು" ಎಂದು ಚಂದ್ರಯ್ಯ ಗಂಟಲಲ್ಲೇ ಹೇಳಿದರು. ಓಡಬಾರದೆಂದು ಎಲ್ಲರಿಗೂ ಗೊತ್ತು. ಆದರೂ ಕಾಲುಗಳು ತಾವಾಗಿ ಬಿರುಸಾದವು. ಹೆಂಗಸರಿಬ್ಬರು ಮೊದಲು, ಹಿಂದೆ ಧರ್ಮ, ಕಡೆಗೆ ಕೈಯಲ್ಲಿ ಕರಣೆ ಹಿಡಿದೇ ರಶ್ಮಿತಾ ಒಳಗೆ ಸೇರಿದರು. ಚಂದ್ರಯ್ಯ ಬಾಗಿಲು ಎಳೆದು ಅಗಳಿ ಹಾಕಿದರು. ಒಳಗೆ ಹಳೆ ಗೋಣಿಯ ವಾಸನೆ. ಮಿಕ್ಸರು ಹೊರಗೆ ತನ್ನ ಪಾಡಿಗೆ ತಾನು ಗುಡುಗುಡು ತಿರುಗುತ್ತಿತ್ತು.

"ಅಯ್ಯೋ, ಮಿಕ್ಸರ್ ನಿಲ್ಲಿಸ್ಲೇ ಇಲ್ಲ ನಾನು" ಎಂದು ಧರ್ಮ ಹೊರಳಿದ. "ಆ ಸದ್ದಿಗೆ ಅದು ಕೆರಳಿಬುಟ್ರೆ?"

ರಶ್ಮಿತಾ ಅವನ ರಟ್ಟೆ ಹಿಡಿದಳು. "ನಿಲ್ಲಿಸ್ಬ್ಯಾಡ! ಮಾರಕ್ಕ ಕೆಳಗವ್ಳೆ."

ಅಷ್ಟೇ ಸಾಕಾಯಿತು, ಎಲ್ಲರಿಗೂ ಅರ್ಥವಾಯಿತು. ಮಿಕ್ಸರು ನಿಂತರೆ ಕೆಲಸ ನಿಂತಿತು ಎಂದು ಲೆಕ್ಕ. ಮಾರಮ್ಮ ಪಂಪು ಆರಿಸಿ ಊಟಕ್ಕೆಂದು ಮೇಲೆ ಹತ್ತುತ್ತಾಳೆ. ಹತ್ತುವ ದಾರಿ ಕಣದ ಕೆಳಮೂಲೆಗೇ ಬಂದು ಸೇರುತ್ತದೆ. ಮಿಕ್ಸರ್ ತಿರುಗುತ್ತಿರುವವರೆಗೆ ಅವಳು ಎಲೆ ತೆಗೆಯುತ್ತಾ ಅಲ್ಲೇ ಕೂತಿರುತ್ತಾಳೆ.

"ಫೋನ್ ಮಾಡಿ" ಎಂದರು ಚಂದ್ರಯ್ಯ.

ಬಾಂಡ್ಲಿ ಹೆಂಗಸು ಗೋಡೆಯ ಮೊಳೆಯ ಕಡೆ ಕೈ ತೋರಿಸಿದಳು. ಮಾರಮ್ಮನ ಊಟದ ಚೀಲ ಅಲ್ಲಿ ನೇತಾಡುತ್ತಿತ್ತು. ಫೋನು ಅದರೊಳಗಿತ್ತು.

ಚಂದ್ರಯ್ಯ ಇಲಾಖೆಯವರಿಗೆ ಪಿಸುದನಿಯಲ್ಲಿ ಜಾಗ ಹೇಳುತ್ತಿರುವಾಗ ರಶ್ಮಿತಾ ಕಿಟಕಿಯ ಸಂದಿಗೆ ಕಣ್ಣಿಟ್ಟಳು. ಆನೆ ಕಣಕ್ಕೆ ಇಳಿದಿತ್ತು. ಅದಕ್ಕೆ ಬೇಕಾಗಿದ್ದದ್ದು ಬದು ಕಟ್ಟಿ ನಿಲ್ಲಿಸಿದ್ದ ನೀರು. ಮೇಲಿನ ಅಂಕಣದ ನೀರಿಗೆ ಸೊಂಡಿಲು ಅದ್ದಿ, ಅರ್ಧ ಎಳೆದು, ಏನು ರುಚಿ ಕಂಡಿತೋ, ಫೂ ಎಂದು ಉಗಿಯಿತು. ಆಮೇಲೆ ಮುಂದಿನ ನೀರಿನ ಕಡೆ ಹೆಜ್ಜೆ ಹಾಕಿತು. ನಡುವೆ ಇದ್ದದ್ದು ಈಗ ತಾನೇ ಹಾಕಿದ ಹಸಿ ಅಂಕಣ. ಮುಂಗಾಲು ಹಳೆಯ ನೆಲ ಮುಟ್ಟುವವರೆಗೆ ಹೂತುಹೋಯಿತು. ಆನೆ ಬೆಚ್ಚಿ ಕಾಲು ಕಿತ್ತಿತು. ಇನ್ನೊಂದು ಕಾಲೂ ಹೂತಿತು. ಸಿಟ್ಟಿಗೆದ್ದು ತಲೆ ಕೊಡವಿ, ಆ ಅಂಕಣದ ಮೇಲೆಯೇ ಸುತ್ತಿ ತಿರುಗಿತು. ಅಂಚಿನ ಹಲಗೆ ಕಡ್ಡಿ ಮುರಿದಂತೆ ಲಟಕ್ಕೆಂದಿತು.

ಬೆಳಿಗ್ಗೆಯಿಂದ ಯಾವ ಅಂಕಣಕ್ಕೋಸ್ಕರ ಅವಳು ಎಲ್ಲರನ್ನೂ ನಿಲ್ಲಿಸಿಕೊಂಡಿದ್ದಳೋ ಅದು ಎದುರಿಗೇ ಕೆಸರಾಯಿತು. ಅದರ ಮೇಲೆ ಅವಳಿಗೆ ಒಂದು ಚೂರೂ ಆಸೆ ಉಳಿದಿರಲಿಲ್ಲ. ಅವಳ ಕಿವಿ ಪೂರ್ತಿ ಮಿಕ್ಸರಿನ ಮೇಲಿತ್ತು.

ಮಿಕ್ಸರಿನ ದನಿ ಒಮ್ಮೆ ತಡವರಿಸಿ ಮತ್ತೆ ಸರಿಯಾಯಿತು.

ಧರ್ಮ ಕಿಟಕಿಯ ಹತ್ತಿರ ಸರಿದು ಬಂದ. "ಅಕ್ಕಾ, ಡೀಸೆಲ್ ತಳ ಮುಟ್ಟೈತೆ. ಈ ಅಂಕಣ ಆದ್ಮೇಲೆ ಹಾಕಣ ಅಂತಿದ್ದೆ."

"ಎಷ್ಟೊತ್ತು ಓಡ್ತದೆ?"

"ಹೇಳಾಕಾಗಲ್ಲ. ಈಗ್ಲೂ ನಿಲ್ಬೋದು."

ರಶ್ಮಿತಾ ಕರಣೆ ಗೋಣಿಯ ಮೇಲಿಟ್ಟು ಹಿಂಬಾಗಿಲ ಕಡೆ ನಡೆದಳು. ಚಂದ್ರಯ್ಯ ಅಡ್ಡ ಬಂದರು. "ಹುಚ್ಚಿ ಹಂಗೆ ಆಡ್ಬ್ಯಾಡ ಕಣವ್ವಾ. ಇಲಾಖೆಯೋರು ಹೊರಟವ್ರೆ. ಮನೇಲಿ ಮಕ್ಳವ್ರೆ ನಿಂಗೆ."

"ಅವಳ್ನ ಕಳಿಸ್ದೋಳು ನಾನು ಸಾವ್ಕಾರ್ರೆ. ಬಾಗ್ಲು ತೆಗೀರಿ."

ಅವರು ಇನ್ನೊಮ್ಮೆ ಅವಳ ಮುಖ ನೋಡಿದರು. ತೆಗೆದರು.

ಸ್ಟೋರಿನ ಹಿಂದೆ ಮಳೆನೀರಿನ ಚರಂಡಿಯೊಂದು ತೋಟ ಬಳಸಿಕೊಂಡು ಕೆರೆಗೆ ಇಳಿಯುತ್ತಿತ್ತು. ರಶ್ಮಿತಾ ಅದರೊಳಗೆ ಇಳಿದು, ಬಗ್ಗಿ, ತರಗೆಲೆಯ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತಾ ಹೋದಳು. ಒಂದೊಂದು ಎಲೆಯೂ ಹಪ್ಪಳ ಮುರಿದಷ್ಟು ಸದ್ದು ಮಾಡುತ್ತಿತ್ತು. ಕಾಫಿ ಗಿಡದ ರೆಂಬೆಗಳು ಮುಖಕ್ಕೆ ಬಡಿಯುತ್ತಿದ್ದವು. ಮೇಲೆ ಮಿಕ್ಸರು, ಕೆಳಗೆ ಪಂಪು. ಈ ಎರಡು ಸದ್ದುಗಳ ನಡುವೆ ಅವಳು ಉಸಿರು ಬಿಗಿಹಿಡಿದು ಇಳಿಯುತ್ತಿದ್ದಳು.

ಅರ್ಧ ದಾರಿ ಇಳಿದಿದ್ದಾಗ ಮಿಕ್ಸರು ನಿಂತಿತು.

ಗದ್ದಲ ಎಷ್ಟು ತಗ್ಗಿತೆಂದರೆ ಅವಳಿಗೆ ತನ್ನ ಬಳೆಯ ಸದ್ದು ಕೇಳಿಸಿತು. ಬಳೆಗಳನ್ನು ಮೇಲಕ್ಕೆ ತಳ್ಳಿ ಮುಂಗೈಗೆ ಬಿಗಿದುಕೊಂಡಳು. ಸ್ವಲ್ಪ ಹೊತ್ತು ಪಂಪು ಒಂದೇ ಹಾಡುತ್ತಿತ್ತು. ಆಮೇಲೆ ಅದೂ ನಿಂತಿತು. ಮಾರಮ್ಮ ಆರಿಸಿದ್ದಳು. ಇನ್ನು ಅವಳು ಹತ್ತಿ ಬರುತ್ತಾಳೆ.

ಕೂಗಿದರೆ ಆನೆಗೂ ಕೇಳುತ್ತದೆ. ರಶ್ಮಿತಾ ಚರಂಡಿ ಬಿಟ್ಟು ಗಿಡಗಳ ಸಾಲಿಗೆ ಅಡ್ಡಲಾಗಿ ನುಗ್ಗಿದಳು. ರವಿಕೆಯ ತೋಳು ಎಲ್ಲೋ ಸಿಕ್ಕಿ ಪರ್ರೆಂದಿತು. ಎದುರಿಗೆ ಕಾಲುದಾರಿ ಕಂಡಿತು. ಅದರಲ್ಲಿ ಮಾರಮ್ಮ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ನೆಲ ನೋಡಿಕೊಂಡು ಹತ್ತುತ್ತಿದ್ದಳು. ಅದೇ ಗಳಿಗೆಯಲ್ಲಿ ಮೇಲುಗಡೆ ಕಣದ ಮೂಲೆಯ ಕಲ್ಲು ಉರುಳಿದ ಸದ್ದಾಯಿತು. ಸಲಗ ಕಣ ಬಿಟ್ಟು ಅದೇ ದಾರಿಯಲ್ಲಿ ಕೆಳಗಿಳಿಯುತ್ತಿತ್ತು. ಉಗಿದು ಬಿಟ್ಟ ನೀರಿಗೆ ಬದಲಾಗಿ ಅದಕ್ಕೆ ಕೆರೆಯ ನೀರು ಬೇಕಾಗಿತ್ತು.

ಮಾರಮ್ಮ ತಲೆಯೆತ್ತಿದಳು. ಮೊದಲು ಕಂಡದ್ದು ಗಿಡದಿಂದ ಹೊರಬಿದ್ದ ರಶ್ಮಿತಾ. "ಏನೇ ಇದು" ಎನ್ನುವಷ್ಟರಲ್ಲಿ ರಶ್ಮಿತಾ ಅವಳ ಬಾಯಿಗೆ ಅಂಗೈ ಒತ್ತಿ, ಸೊಂಟ ಬಳಸಿ ಪಕ್ಕಕ್ಕೆ ಎಳೆದುಕೊಂಡಳು. ಇಬ್ಬರೂ ಒಂದು ದಪ್ಪ ಅತ್ತಿ ಮರದ ಬೇರುಗಳ ನಡುವಿನ ಗುಳಿಯಲ್ಲಿ ಬಿದ್ದರು. ಮಾರಮ್ಮ ಬಿಡಿಸಿಕೊಳ್ಳಲು ಒಮ್ಮೆ ಕೊಸರಿದಳು. ಆಮೇಲೆ ಅವಳಿಗೂ ಕೇಳಿಸಿತು. ಕೊಸರುವುದು ನಿಂತಿತು.

ಆನೆ ನಡೆಯುವಾಗ ಹೆಜ್ಜೆ ಸದ್ದೇ ಇರುವುದಿಲ್ಲ ಎನ್ನುತ್ತಾರೆ, ನಿಜ. ಕೇಳುತ್ತಿದ್ದದ್ದು ಗಿಡಗಳು ಸವರುವ ಸರಸರ, ಒಳಗಿನಿಂದ ಬರುವ ಉಸಿರಿನ ಗೊರಗೊರ. ವಾಸನೆ ಮೊದಲು ಬಂತು. ಆಮೇಲೆ ಬಿಸಿಲು ಮರೆಯಾಯಿತು. ರಶ್ಮಿತಾಳ ಕಣ್ಣಿಗೆ ಕಂಡದ್ದು ಒಂದು ಕಾಲು ಮಾತ್ರ, ಪಾದದ ಸುತ್ತ ಹಸಿ ಸಿಮೆಂಟು ಮೆತ್ತಿಕೊಂಡ ಕಾಲು. ಅದು ದಾರಿಯ ಮೇಲೆ ನಿಂತಿತು. ಅಷ್ಟು ಹತ್ತಿರದಲ್ಲಿ. ಸೊಂಡಿಲ ತುದಿ ಗಿಡಗಳ ಮೇಲೆ ಆಡಿ, ಮರದ ತೊಗಟೆ ಸವರಿತು. ಅಂಗೈ ಕೆಳಗೆ ಮಾರಮ್ಮನ ತುಟಿ ಏನೋ ಹೇಳುತ್ತಿತ್ತು. ದೇವರ ಹೆಸರೋ ಮಗನ ಹೆಸರೋ, ತಿಳಿಯಲಿಲ್ಲ. ರಶ್ಮಿತಾಳಿಗೆ ಯಾವ ದೇವರೂ ನೆನಪಾಗಲಿಲ್ಲ.

ಕಾಲು ಎದ್ದಿತು. ಮುಂದಕ್ಕೆ ಹೋಯಿತು. ಗಿಡಗಳ ಸರಸರ ಕೆಳಗೆ ಕೆಳಗೆ ಇಳಿಯುತ್ತಾ ಹೋಗಿ, ಕಡೆಗೆ ಕೆರೆಯಲ್ಲಿ ನೀರು ಮೊಗೆದು ಮೈಮೇಲೆ ಸುರಿದುಕೊಳ್ಳುವ ಸದ್ದಾಯಿತು.

ಆಗ ಇಬ್ಬರೂ ಎದ್ದು, ಒಬ್ಬರ ಕೈ ಒಬ್ಬರು ಬಿಡದೆ, ಚರಂಡಿ ಹಿಡಿದು ಮೇಲೆ ಹತ್ತಿದರು. ಸ್ಟೋರಿನ ಹಿಂಬಾಗಿಲು ಇವರಿಗಾಗಿಯೇ ಒಂದು ಗೇಣು ತೆರೆದಿತ್ತು. ಒಳಗೆ ಬಂದ ಕೂಡಲೇ ಮಾರಮ್ಮ ಗೋಣಿಯ ಮೇಲೆ ಕೂತಳು. ಯಾರೋ ನೀರು ಕೊಟ್ಟರು. ಒಂದೇ ಉಸಿರಿಗೆ ಕುಡಿದಳು. ಎಷ್ಟೋ ಹೊತ್ತಿನ ಮೇಲೆ ಇಲಾಖೆಯ ಜೀಪು ಬಂತು. ತಾವು ಸಿಡಿಸಿದ ಪಟಾಕಿಯ ಸದ್ದು ಕೇಳಿ ಸಲಗ ಕೆರೆ ದಾಟಿ ಬಿಸಿಲೆ ಕಡೆಯ ಕಾಡಿನ ದಿಕ್ಕಿಗೆ ಹೋಯಿತೆಂದು ಅವರು ಹೇಳಿದರು.

ಉಸಿರು ಸರಿಯಾದ ಮೇಲೆ ಮಾರಮ್ಮ ಕೇಳಿದ್ದು ಒಂದೇ ಮಾತು. "ಮೆಸೇಜು ಬಂದಿರ್ನಿಲ್ವಾ?"

ಧರ್ಮ ರಶ್ಮಿತಾಳ ಕಡೆ ನೋಡಿದ.

"ಬಂದಿತ್ತು ಕಣಕ್ಕಾ" ಎಂದಳು ರಶ್ಮಿತಾ.

"ನನ್ನ ಕೆಳಗೆ ಕಳಿಸೋಕೆ ಮುಂಚೇನಾ?"

"ಹೂಂ."

ಮಾರಮ್ಮ ಎದ್ದು ಮೊಳೆಯಿಂದ ಚೀಲ ತೆಗೆದುಕೊಂಡಳು. ದಿನವೂ ಗುಂಪನ್ನು ಕರೆತರುವ ಪ್ರದೀಪನ ಆಟೋ ಬರುವವರೆಗೆ ಸ್ಟೋರಿನ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಳು. ಬಂದ ಮೇಲೆ ಹತ್ತಿ ಹೋದಳು. ರಶ್ಮಿತಾಳ ಕಡೆ ತಿರುಗಿ ನೋಡಲಿಲ್ಲ.

ಇತ್ತ ಕಣದಲ್ಲಿ ಕೆಲಸ ಕಾಯುತ್ತಿತ್ತು. ತುಳಿದು ಕೆಸರಾದ ಕಾಂಕ್ರೀಟು ಹಳೆಯ ನೆಲಕ್ಕೆ ಕಚ್ಚಿಕೊಳ್ಳುವ ಮೊದಲು ಕೆರೆದು ತೆಗೆಯದಿದ್ದರೆ ಮತ್ತೆ ಕೊಚ್ಚುವುದೇ ಆಗುತ್ತಿತ್ತು. ರಶ್ಮಿತಾಳೂ ಧರ್ಮನೂ ಗುದ್ದಲಿ ಹಿಡಿದರು. ಹೋಗಿ ಎಂದರೂ ಬಾಂಡ್ಲಿ ಹೆಂಗಸರಿಬ್ಬರು ಉಳಿದು ಕೈ ಹಾಕಿದರು. ಜೀಪಿನವರಲ್ಲಿ ಒಬ್ಬ ರಸ್ತೆಯ ತಿರುವಿನಲ್ಲಿ ಕಾವಲು ನಿಂತ. ಚಂದ್ರಯ್ಯ ಆನೆ ಹೆಜ್ಜೆಯ ಗುಂಡಿಯೊಂದರ ಹತ್ತಿರ ನಿಂತು, "ಒಂದನ್ನಾದ್ರೂ ಹಂಗೇ ಬುಟ್ಬುಡವ್ವಾ. ಗಣಪತಿ ಮೆಟ್ಟಿದ ಜಾಗ, ನಾಲ್ಕು ಜನ ಬಂದು ನೋಡ್ಲಿ" ಎಂದರು.

"ಗುಂಡೀಲಿ ನೀರು ನಿಲ್ತದೆ ಸಾವ್ಕಾರ್ರೆ. ಕಾಫಿ ಬೂಷ್ಟು ಹಿಡೀತದೆ."

ಅವರು ನಗಲು ನೋಡಿದರು. ರಶ್ಮಿತಾಳ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. ತಾವೂ ಪಂಚೆ ಎತ್ತಿ ಕಟ್ಟಿ ಒಂದು ಬುಟ್ಟಿ ಹಿಡಿದರು. ಹೊತ್ತು ಇಳಿಯುವ ಮುಂಚೆ ಹಳೆಯ ನೆಲ ಮತ್ತೆ ಬತ್ತಲಾಯಿತು. ಮಿಕ್ಸರಿನ ಹೊಟ್ಟೆಯಲ್ಲಿ ಉಳಿದದ್ದು ಮಾತ್ರ ಕಲ್ಲಾಗಿತ್ತು. ಅದನ್ನು ಉಳಿಯಿಂದ ಬಿಡಿಸುವುದೇ ಧರ್ಮನಿಗೆ ಮಾರನೆಯ ದಿನದ ಕೆಲಸ.

ಮಾರನೆಯ ಬೆಳಿಗ್ಗೆ ರಶ್ಮಿತಾ ಮಾರಮ್ಮನ ಮನೆಗೆ ಹೋದಳು. ಮಾರಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಕೂರು ಎನ್ನಲಿಲ್ಲ. ರಶ್ಮಿತಾ ಕೆಳಗಿನ ಕಲ್ಲಿನ ಮೇಲೆ ಕೂತಳು.

"ತಪ್ಪಾಯ್ತು ಮಾರಕ್ಕ."

ಮೊರ ಆಡುತ್ತಲೇ ಇತ್ತು. ಮಾರಮ್ಮ ಹುರುಳಿಯಿಂದ ಕಲ್ಲೊಂದನ್ನು ಆರಿಸಿ ಎಸೆದಳು. "ಕುಳ್ಳಯ್ಯನೂ ಹಂಗೇ ಕಣೇ. ಇದೊಂದು ಬಾಂಡ್ಲಿ, ಇದೊಂದು ಬಾಂಡ್ಲಿ ಅಂತ ಗುಡುಗು ಸಿಡಿಲಲ್ಲೂ ನಮ್ಮನ್ನ ಹಲಗೆ ಮೇಲೆ ಓಡಿಸ್ತಿದ್ದ. ನಿನ್ನ ಕೈಗೆ ಗುಂಪು ಬಂದಾಗ ಅಂದ್ಕೊಂಡೆ, ಇವಳು ಬಾಂಡ್ಲಿ ಹೊತ್ತೋಳು, ಇವಳಿಗೆ ಗೊತ್ತಿರ್ತದೆ ಅಂತ." ಮೊರ ನಿಂತಿತು. "ನೀನು ಅವನಿಗಿಂತ ಬೇಗ ಮೇಸ್ತ್ರಿ ಆಗ್ಬುಟ್ಟೆ."

ರಶ್ಮಿತಾ ಹಾಲು ಒಣಗುತ್ತಿತ್ತು ಎಂದು ಹೇಳಬಹುದಿತ್ತು. ಆನೆ ಹಳ್ಳದ ಆಚೆ ಇದೆಯೆಂದು ಕೇಳಿದ್ದೆ ಎಂದೂ ಹೇಳಬಹುದಿತ್ತು. ಎರಡೂ ನಿಜವೇ. 

"ನನ್ನ ಹಿಡ್ಕೊಂಡು ಬಿದ್ದಿದ್ದೂ ನೀನೇ. ಅದನ್ನೇನು ಮರ್ತಿಲ್ಲ" ಎಂದಳು ಮಾರಮ್ಮ, ದನಿ ಇಳಿಸಿ. "ಆದ್ರೂ ಸಿಟ್ಟು ಹೋಗಿಲ್ಲ. ಹೋದಾಗ ಬತ್ತೀನಿ. ಈಗ ಎದ್ದು ಹೋಗು."

ಅವಳಿಲ್ಲದೆ ಕೆಲಸ ಸಾಗಿತು. ಆದರೆ ರೀತಿ ಬದಲಾಯಿತು. ಪಂಪಿನ ಹತ್ತಿರ ಒಬ್ಬರನ್ನೇ ಕಳಿಸುವುದು ನಿಂತಿತು. ಚಂದ್ರಯ್ಯ ಪೈಪಿನ ಬಾಯಿಗೆ ತಂತಿ ಬಲೆ ಕಟ್ಟಿಸಿದರು. ಎಷ್ಟೋ ವರ್ಷದ ಹಿಂದೆಯೇ ಮಾಡಬೇಕಾಗಿದ್ದ ಕೆಲಸ ಅದು. ಫೋನು ಕುಯ್ ಎಂದರೆ ಧರ್ಮ ಯಾರನ್ನೂ ಕೇಳದೆ ಮಿಕ್ಸರ್ ಆರಿಸುತ್ತಿದ್ದ, ಹಾಗೆ ಮಾಡೆಂದು ಅವನಿಗೆ ಹೇಳಿದ್ದವಳು ರಶ್ಮಿತಾಳೇ. ಒಮ್ಮೆ ಹಾಗೆ ನಿಲ್ಲಿಸಿ ಕಾದು ಕಾದು ಬಳಿದ ಹಾಲೆಲ್ಲ ಒಣಗಿತು. ಆನೆ ಬರಲೇ ಇಲ್ಲ. ಅವಳು ಒಣಗಿದ್ದನ್ನು ಕೆರೆದು, ತೊಳೆದು, ಮತ್ತೆ ಬಳಿದಳು.

ಕಡೆಯ ಅಂಕಣದ ದಿನ ಪ್ರದೀಪನ ಆಟೋದಿಂದ ಮಾರಮ್ಮ ಇಳಿದಳು. ಚೀಲವನ್ನು ಮೊಳೆಗೆ ಹಾಕಿದಳು, ಫೋನನ್ನು ಮಾತ್ರ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಂಡ್ಲಿಗಳ ಕಡೆ ಹೋಗದೆ ನೇರವಾಗಿ ಕಣಕ್ಕೆ ಬಂದಳು.

"ಕತ್ತು ಸೋತೈತೆ ನಂದು. ಇನ್ನು ಹೊರಾಕಾಗಲ್ಲ. ಆ ಪಟ್ಟಿ ಎಳೆಯೋದು ಹೆಂಗೆ ಅಂತ ತೋರ್ಸು."

ಮಟ್ಟದ ಪಟ್ಟಿಗೆ ಆ ತುದಿಗೊಬ್ಬರು ಈ ತುದಿಗೊಬ್ಬರು ಬೇಕು. ರಶ್ಮಿತಾ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, "ಒತ್ತಬ್ಯಾಡಕ್ಕ, ಗರಗಸದಂಗೆ ಹಿಂದೆ ಮುಂದೆ ಆಡಿಸ್ಕೊಂಡು ಬಾ" ಎಂದಳು. ಮೊದಲ ಎಳೆತಕ್ಕೆ ಮಾರಮ್ಮನ ಕಡೆ ತಗ್ಗು ಬಿತ್ತು. ಎರಡನೆಯದಕ್ಕೆ ದಿಣ್ಣೆ ಉಳಿಯಿತು. ಅವಳು ನಾಲಗೆ ಕಚ್ಚಿಕೊಂಡಳು. ರಶ್ಮಿತಾ ಮತ್ತೆ ಮೊದಲಿನಿಂದ ಹಿಡಿದಳು. ಆ ದಿನ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತು ಬರಲಿಲ್ಲ. ಅಂಕಣದ ಕೊನೆ ಮುಟ್ಟುವ ಹೊತ್ತಿಗೆ ಮಾರಮ್ಮನ ಕಡೆಯೂ ಸಮವಾಗಿ ಬರತೊಡಗಿತ್ತು.

ಕೊಯ್ಲು ಸ್ವಲ್ಪ ಹಿಂದೆಬಿದ್ದೇ ಶುರುವಾಯಿತು. ಹೊಸ ಕಣದ ಮೇಲೆ ಮೊದಲ ಸಲ ಹರವಿದ ಕಾಫಿ ಒಣಗಿದ ದಿನ ಚಂದ್ರಯ್ಯ ಮೂಲೆ ಮೂಲೆಯಿಂದ ಬೊಗಸೆ ತುಂಬ ಎತ್ತಿ, ಜರಡಿಗೆ ಹಾಕಿ ಅಲ್ಲಾಡಿಸಿ ನೋಡಿದರು. ಎಲೆ ಇತ್ತು, ಕಡ್ಡಿ ಇತ್ತು, ಕಲ್ಲು ಇರಲಿಲ್ಲ. ಅವರು ಫೋನು ಮಾಡಿ ಹೇಳಿದಾಗ ರಶ್ಮಿತಾ ಹೆಗ್ಗದ್ದೆಯ ಹತ್ತಿರ ಇನ್ನೊಬ್ಬರ ಹಳೇ ಕಣದ ಮೇಲೆ ಸುತ್ತಿಗೆ ಹಿಡಿದು ಮೊಣಕಾಲೂರಿ ಕೂತಿದ್ದಳು. ಮಾರಮ್ಮ ಪಕ್ಕದಲ್ಲಿ ಇಟ್ಟಿಗೆ ಚೂರು ಹಿಡಿದು ನಿಂತಿದ್ದಳು.

"ಯಾರೇ ಫೋನು?" ಎಂದಳು ಮಾರಮ್ಮ.

"ಹೊಂಗಡಹಳ್ಳದ ಸಾವ್ಕಾರ್ರು. ಕಲ್ಲು ಬಂದಿಲ್ವಂತೆ."

"ಬರ್ತದಾ ಮತ್ತೆ?" ಎಂದು ಮಾರಮ್ಮ ಕಾಲ ಬೆರಳಿನಿಂದ ನೆಲ ತೋರಿಸಿದಳು. "ಇಲ್ಲಿ ಕುಟ್ಟು. ಇಲ್ಲಿ ಪೊಳ್ಳಿದ್ದಂಗೈತೆ."